ತಾಮ್ರದ ಹಾಳೆಯ ಮೇಲೆ ವಿದ್ಯುತ್ತಿನ ಹಾದಿ

ಬೆಂಗಳೂರಿನ ಕಡೆಯಿಂದ ಬಂದು, ಬೆಳಗಾವಿಯನ್ನು ದಾಟಿ, ಪುಣೆಯ ಹೆದ್ದಾರಿಯಲ್ಲಿ ಸಂಕೇಶ್ವರದತ್ತ ಸಾಗುವವರಿಗೆ ನಡುದಾರಿಯಲ್ಲಿ ಯಮಕನಮರಡಿ ಎದುರಾಗುತ್ತದೆ. ಇದು ಹುಕ್ಕೇರಿ ತಾಲೂಕಿನ ಊರು. ಅದೇ ತಾಲೂಕಿನ ಹಿಡಕಲ್ಲಿನಲ್ಲಿ ಘಟಪ್ರಭೆಗೆ ದೊಡ್ಡ ಅಣೆಕಟ್ಟು ಇದೆಯಾದರೂ ಕಾಲುವೆಯ ನೀರು ಮುಟ್ಟದ ಹೊಲಗಳಿಗೆ ಬಾವಿ, ಕೊಳವೆಬಾವಿಗಳೇ ಗತಿ. ಪಂಪು ನಡೆಯಲು ಬೇಕಾದ ಮೂರು ಫೇಸಿನ ವಿದ್ಯುತ್ತು ಅನೇಕ ವೇಳೆ ರಾತ್ರಿಯ ಹೊತ್ತಿಗೆ ಬರುವುದರಿಂದ ರೈತನು ನಿದ್ದೆಗೆಟ್ಟು ಕಾಯಬೇಕು. ನನ್ನ ಭಾವನವರೂ ಹಾಗೆ ಕಾಯುವವರಲ್ಲೊಬ್ಬರು. ಕೈದೀಪ ಹಿಡಿದು ಎರಡೆರಡು ಸಲ ಏಣಿ ಹತ್ತಿ, ತೊಟ್ಟಿ ತುಂಬಿತೇ ಎಂದು ಇಣುಕಿ ನೋಡಿ ಬರುವುದು ಅವರ ನಿತ್ಯದ ರಾತ್ರಿಪಾಳಿ. ಒಂದು ಮಳೆಗಾಲದ ರಾತ್ರಿ ಏಣಿಯಿಂದ ಕಾಲು ಜಾರಿ ಹದಿನೈದು ದಿನ ಮಂಚ ಹಿಡಿದರು.

ಆಗ ಅವರ ಮಗ, ಎಂದರೆ ನನ್ನ ಸೋದರಳಿಯ, ಪದವಿಪೂರ್ವ ತರಗತಿಯಲ್ಲಿ ಓದುತ್ತಿದ್ದ. ಭೌತಶಾಸ್ತ್ರದ ಪುಸ್ತಕದಲ್ಲಿ ಟ್ರಾನ್ಸಿಸ್ಟರಿನ ಪಾಠ ಮುಗಿದಿತ್ತು. ತೊಟ್ಟಿ ತುಂಬಿದೊಡನೆ ಮನೆಯೊಳಗೆ ಕೂಗುವ ಸಾಧನವೊಂದನ್ನು ತಾನೇ ಏಕೆ ಮಾಡಬಾರದು ಎಂಬ ಯೋಚನೆ ಅವನಿಗೆ ಬಂದದ್ದು ಸಹಜವೇ. ರಜೆಗೆ ಹೋಗಿದ್ದ ನಾನು ಆ ಕೆಲಸದಲ್ಲಿ ಅವನಿಗೆ ಜೊತೆಗಾರನಾದೆ. ಅಲ್ಲಿ ನಾವು ಕೆಡಿಸಿದ್ದು ಹೆಚ್ಚು, ಮಾಡಿದ್ದು ಕಡಿಮೆ. ಆದರೂ ಕೆಡಿಸಿದ್ದರಿಂದಲೇ ಕಲಿತ ಸಂಗತಿಗಳನ್ನು ವಾಚಕರ ಮುಂದಿಡುವುದು ಉಪಯುಕ್ತವಾದೀತೆಂದು ತೋರುತ್ತದೆ.

ಮಂಡಲವೇನೋ ಬಹಳ ಸರಳವಾದುದು. ೯ ವೋಲ್ಟಿನ ಒಂದು ಬ್ಯಾಟರಿ, ಬಿಸಿ ೫೪೭ ಎಂಬ ಒಂದು ಟ್ರಾನ್ಸಿಸ್ಟರ್, ಒಂದು ಬಜರ್, ಎರಡು ರೋಧಕಗಳು. ಬ್ಯಾಟರಿಯ ಧನತುದಿಯಿಂದ ಒಂದು ತಂತಿ ತೊಟ್ಟಿಯ ಬಾಯಿಯವರೆಗೆ ಹೋಗುತ್ತದೆ. ಟ್ರಾನ್ಸಿಸ್ಟರಿನ ಬೇಸಿಗೆ ೧೦ ಕಿಲೋಓಮಿನ ರೋಧಕದ ಮೂಲಕ ಜೋಡಿಸಿದ ಇನ್ನೊಂದು ತಂತಿಯೂ ಅದರ ಪಕ್ಕದಲ್ಲೇ ತೂಗುತ್ತದೆ. ನೀರು ಏರಿ ಎರಡು ತುದಿಗಳನ್ನೂ ಮುಟ್ಟಿದಾಗ, ನೀರಿನಲ್ಲಿ ಕರಗಿರುವ ಲವಣಗಳ ಮೂಲಕ ಅತ್ಯಲ್ಪ ಪ್ರವಾಹ ಹರಿಯುತ್ತದೆ. ಒಂದು ಮಿಲಿ ಆಂಪಿಯರಿನ ಹತ್ತರಲ್ಲೊಂದು ಪಾಲಾದರೂ ಸಾಕು; ಟ್ರಾನ್ಸಿಸ್ಟರು ಅದನ್ನು ನೂರಿನ್ನೂರು ಪಟ್ಟು ಹಿಗ್ಗಿಸಿ ಬಜರನ್ನು ಕೂಗಿಸುತ್ತದೆ. ಎರಡನೆಯ ರೋಧಕವು, ೧೦೦ ಕಿಲೋಓಮಿನದು, ಬೇಸಿಗೂ ಎಮಿಟರಿಗೂ ನಡುವೆ ಕುಳಿತು, ನೀರಿಲ್ಲದಾಗ ಬೇಸನ್ನು ಶಾಂತವಾಗಿಡುತ್ತದೆ. ಪಂಪಿನ ಸ್ಟಾರ್ಟರಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ, ಇರಲೂಕೂಡದು. ೯ ವೋಲ್ಟಿನ ಆಟವನ್ನು ೪೦೦ ವೋಲ್ಟಿನ ಪೆಟ್ಟಿಗೆಯ ಹತ್ತಿರ ಒಯ್ಯತಕ್ಕದ್ದಲ್ಲ.

ಈ ಐದಾರು ಬಿಡಿಭಾಗಗಳನ್ನು ತಂತಿಯಿಂದ ಹೆಣೆದರೆ ಕೆಲಸ ಆಗದೆ? ಆಗುತ್ತದೆ. ಮೇಜಿನ ಮೇಲೆ ಆಗುತ್ತದೆ. ಗೋಡೆಗೆ ಹೊಡೆದ ಡಬ್ಬಿಯೊಳಗೆ, ಗಾಳಿಗೆ ಅಲುಗಾಡುತ್ತ, ಇರುವೆಗಳೊಡನೆ ವರ್ಷಗಟ್ಟಲೆ ಬಾಳುವುದಿಲ್ಲ. ಕವಾಟದ ಕಾಲದ ಹಳೆಯ ರೇಡಿಯೋ ಪೆಟ್ಟಿಗೆಯನ್ನು ಬಿಚ್ಚಿ ನೋಡಿದವರಿಗೆ ಅದರ ಹೊಟ್ಟೆಯ ತಂತಿಗಳ ಸಿಕ್ಕು ನೆನಪಿದ್ದೀತು. ಒಂದೊಂದು ಬೆಸುಗೆಯನ್ನೂ ಒಬ್ಬ ಕೆಲಸಗಾರ ಕೈಯಿಂದ ಹಾಕಬೇಕಾಗಿತ್ತು. ತಂತಿಯನ್ನು ಹೆಣೆಯುವ ಬದಲು ಅವಾಹಕವಾದ ಹಲಗೆಯ ಮೇಲೆ ಅದನ್ನು ಅಚ್ಚೊತ್ತಬಾರದೇ ಎಂಬ ವಿಚಾರ ಇಪ್ಪತ್ತನೆಯ ಶತಮಾನದ ಆರಂಭದಿಂದಲೂ ಅಲ್ಲಲ್ಲಿ ಮೊಳೆತಿತ್ತು. ಅದನ್ನು ಕೈಗೂಡಿಸಿದವನು ಪೌಲ್ ಐಸ್ಲರ್. ವಿಯೆನ್ನಾದಲ್ಲಿ ೧೯೦೭ರಲ್ಲಿ ಹುಟ್ಟಿ, ಇಂಗ್ಲೆಂಡಿಗೆ ವಲಸೆ ಹೋದ ಈ ಎಂಜಿನಿಯರು ೧೯೩೬ರ ಸುಮಾರಿಗೆ ಮುದ್ರಿತ ಮಂಡಲವುಳ್ಳ ರೇಡಿಯೋ ಒಂದನ್ನು ಕಟ್ಟಿ ತೋರಿಸಿದ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದವರು ಗುರಿಯ ಸಮೀಪ ಬಂದೊಡನೆ ತಾನೇ ಸಿಡಿಯುವ ಗುಂಡುಗಳ ಒಳಗೆ ಇಂಥ ಮಂಡಲಗಳನ್ನಿಟ್ಟರು. ೧೯೪೮ರ ತರುವಾಯ ಈ ವಿದ್ಯೆ ವ್ಯಾಪಾರಕ್ಕೆ ಮುಕ್ತವಾಯಿತು. ಇಂದು ಅದಿಲ್ಲದ ಗಡಿಯಾರವೂ ಇಲ್ಲ, ಆಟಿಕೆಯೂ ಇಲ್ಲ.

ನಮ್ಮ ನಾಡಿನಲ್ಲಿ ಈ ಹಲಗೆಗಳ ಒಂದು ದೊಡ್ಡ ಕಾರ್ಖಾನೆ ಮೈಸೂರಿನ ಬಳಿಯ ನಂಜನಗೂಡಿನಲ್ಲಿದೆ. ಇಂಡಾಲ್ ಎಲೆಕ್ಟ್ರಾನಿಕ್ಸ್ ಎಂಬ ಹೆಸರಿನಲ್ಲಿದ್ದ ಅದನ್ನು ೧೯೯೯ರಲ್ಲಿ ಎಟಿ ಅಂಡ್ ಎಸ್ ಎಂಬ ಕಂಪನಿ ಕೊಂಡಿತು. ಆ ಕಂಪನಿ ಆಸ್ಟ್ರಿಯದ್ದು, ಐಸ್ಲರನೂ ಆಸ್ಟ್ರಿಯದವನೇ! ಕಾಕತಾಳೀಯವಷ್ಟೆ, ಆದರೂ ಸ್ವಾರಸ್ಯವಾಗಿದೆ.

ಈಗ ಹಲಗೆಯ ವಿಚಾರ. ಬೆಳಗಾವಿಯ ರೇಡಿಯೋ ಸಾಮಾನಿನ ಅಂಗಡಿಯಲ್ಲಿಯೋ, ಬೆಂಗಳೂರಿನ ಎಸ್. ಪಿ. ರಸ್ತೆಯಿಂದ ಅಂಚೆಯ ಮೂಲಕವೋ ತರಿಸಬಹುದಾದ ತಾಮ್ರ ಹೊದಿಸಿದ ಹಲಗೆ ಸುಮಾರು ೧.೬ ಮಿಲಿಮೀಟರು ದಪ್ಪ ಇರುತ್ತದೆ. ಅಗ್ಗದ್ದು ಕಾಗದ ಮತ್ತು ಫಿನಾಲಿಕ್ ರಾಳದಿಂದ ಆದುದು. ಗಟ್ಟಿಯದು ಗಾಜಿನ ನೂಲು ಮತ್ತು ಎಪಾಕ್ಸಿಯಿಂದ ಆದುದು. ಮೇಲಿನ ತಾಮ್ರದ ದಪ್ಪ ಸಾಮಾನ್ಯವಾಗಿ ೩೫ ಮೈಕ್ರಾನು, ಎಂದರೆ ತಲೆಗೂದಲಿನ ಅರ್ಧದಷ್ಟು. ಇಷ್ಟು ತೆಳುವಾದ ಹಾಳೆ ಪ್ರವಾಹವನ್ನು ತಾಳೀತೇ ಎಂದು ಅಳಿಯನಿಗೆ ಸಂದೇಹವಾಯಿತು. ಲೆಕ್ಕ ಹಾಕಿದೆವು. ೧ ಮಿಲಿಮೀಟರು ಅಗಲ, ೧೦ ಸೆಂಟಿಮೀಟರು ಉದ್ದದ ಪಟ್ಟಿಯ ರೋಧ ಒಂದು ಓಮಿನ ಇಪ್ಪತ್ತರಲ್ಲೊಂದು ಪಾಲು. ನಮ್ಮ ಬಜರಿಗೆ ಇದು ಲೆಕ್ಕಕ್ಕೇ ಬರತಕ್ಕದ್ದಲ್ಲ.

ಬೇಕಾದ ಹಾದಿಗಳನ್ನು ಉಳಿಸಿ ಮಿಕ್ಕ ತಾಮ್ರವನ್ನು ತೆಗೆದುಹಾಕುವುದೇ ಇಡೀ ಕಲೆ. ತೆಗೆಯುವುದು ಹೇಗೆ? ತಾಮ್ರದ ಕೊಡವನ್ನು ಹುಣಸೆಹುಳಿಯಿಂದ ತಿಕ್ಕಿದರೆ ಹೊಳೆಯುತ್ತದೆಂಬುದು ಎಲ್ಲರೂ ಬಲ್ಲ ವಿಷಯ. ಆದರೆ ಹುಳಿಯು ಕರಗಿಸುವುದು ಮೇಲಿನ ಕಿಲುಬನ್ನು; ಲೋಹ ಹಾಗೆಯೇ ಉಳಿಯುತ್ತದೆ. ಅಷ್ಟೇಕೆ, ತೀಕ್ಷ್ಣವಾದ ಹೈಡ್ರೋಕ್ಲೋರಿಕ್ ಆಮ್ಲಕ್ಕೂ ಗಾಳಿಯ ನೆರವಿಲ್ಲದೆ ತಾಮ್ರವನ್ನು ಕರಗಿಸುವುದು ಸಾಧ್ಯವಿಲ್ಲ. ನೈಟ್ರಿಕ್ ಆಮ್ಲ ಕರಗಿಸುತ್ತದೆ, ಜೊತೆಗೆ ಶ್ವಾಸಕೋಶವನ್ನು ಸುಡುವ ಕಂದು ಹೊಗೆಯನ್ನೂ ಬಿಡುತ್ತದೆ. ತಾಮ್ರ ಕರಗಬೇಕಾದರೆ ಅದರ ಪರಮಾಣುವಿನಿಂದ ಎರಡು ಎಲೆಕ್ಟ್ರಾನುಗಳನ್ನು ಯಾರಾದರೂ ಕಸಿದುಕೊಳ್ಳಬೇಕು. ಆ ಕಸಿಯುವ ಕೆಲಸಕ್ಕೆ ಹೇಳಿಮಾಡಿಸಿದಂಥದು ಫೆರಿಕ್ ಕ್ಲೋರೈಡ್. ಅದರಲ್ಲಿರುವ ಕಬ್ಬಿಣದ ಅಯಾನು ಮೂರು ಎಲೆಕ್ಟ್ರಾನುಗಳನ್ನು ಕಳೆದುಕೊಂಡು ಹಸಿದಿರುತ್ತದೆ. ಒಂದನ್ನು ಮರಳಿ ಪಡೆದು ಅದು ಫೆರಸ್ ಸ್ಥಿತಿಗೆ ಇಳಿಯುತ್ತದೆ. ಹೀಗಾಗಿ ತಾಮ್ರದ ಒಂದು ಪರಮಾಣುವಿಗೆ ಫೆರಿಕ್ ಕ್ಲೋರೈಡಿನ ಎರಡು ಅಣುಗಳು ಖರ್ಚಾಗುತ್ತವೆ. ತಾಮ್ರವು ಕ್ಲೋರೈಡಾಗಿ ನೀರಿನಲ್ಲಿ ಬೆರೆತುಹೋಗುತ್ತದೆ. ಕಂದು ಬಣ್ಣದ ದ್ರಾವಣ ಬರಬರುತ್ತ ಹಸಿರಾಗುವುದು ಇದೇ ಕಾರಣದಿಂದ.

ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ ಇದೇ ಕೆಲಸವನ್ನು ಬೇಗ ಮುಗಿಸುವವರೂ ಉಂಟು. ಆ ಮಿಶ್ರಣದಿಂದ ಕ್ಲೋರೀನ್ ಅನಿಲ ಹೊರಡಬಹುದು. ವಿದ್ಯಾರ್ಥಿಗಳು ಅದರ ಗೋಜಿಗೆ ಹೋಗಬಾರದೆಂದೇ ನನ್ನ ಅಭಿಪ್ರಾಯ.

ಮೊದಲ ಹಲಗೆಯ ಮೇಲೆ ಅಳಿಯ ಹಾದಿಗಳನ್ನು ಅಳಿಸಲಾಗದ ಶಾಯಿಯ ಮಾರ್ಕರಿನಿಂದ ಬರೆದ. ಆ ಶಾಯಿ ಮುಚ್ಚಿದ ಕಡೆ ದ್ರಾವಣ ತಾಮ್ರವನ್ನು ಮುಟ್ಟದು, ಮುಚ್ಚದ ಕಡೆ ತಿಂದುಬಿಡುವುದು, ಇಷ್ಟೇ ತತ್ತ್ವ. ಆದರೆ ಹಲಗೆಯನ್ನು ಅವನು ತೊಳೆದಿರಲಿಲ್ಲ. ಬೆರಳಿನ ಜಿಡ್ಡಿನ ಮೇಲೆ ಶಾಯಿ ಸರಿಯಾಗಿ ಕೂಡದೆ, ಹೊರಗೆ ತೆಗೆದಾಗ ಹಾದಿಗಳೆಲ್ಲ ಗೆದ್ದಲು ತಿಂದ ಕಾಗದದಂತೆ ತೂತುತೂತಾಗಿದ್ದವು. ಎರಡನೆಯ ಹಲಗೆಯನ್ನು ಪಾತ್ರೆ ತಿಕ್ಕುವ ಪುಡಿಯಿಂದ, ನೀರು ಒಂದೇ ಪೊರೆಯಾಗಿ ಹರಡಿ ನಿಲ್ಲುವವರೆಗೆ ಉಜ್ಜಿದೆವು. ನೀರು ಹನಿಹನಿಯಾಗಿ ಒಡೆದು ನಿಂತರೆ ಜಿಡ್ಡು ಇನ್ನೂ ಇದೆಯೆಂದು ತಿಳಿಯಬೇಕು. ಒಣಗಿದ ಮೇಲೆ ತಾಮ್ರವನ್ನು ಮುಟ್ಟದೆ ಅಂಚು ಹಿಡಿದು, ಒಂದರ ಮೇಲೊಂದು ಎರಡು ಸಲ ಶಾಯಿ ಎಳೆದೆವು. ಸಣ್ಣ ಕುಂಚದಿಂದ ಎನಾಮಲ್ ಬಣ್ಣವನ್ನಾಗಲಿ, ಉಗುರುಬಣ್ಣವನ್ನಾಗಲಿ ಹಚ್ಚಿದರೂ ಆದೀತು.

ಹೆಚ್ಚು ನವುರಾದ ಹಾದಿಗಳು ಬೇಕಾದವರು ಝೆರಾಕ್ಸ್ ಅಂಗಡಿಯ ಲೇಸರ್ ಮುದ್ರಣವನ್ನು ಆಶ್ರಯಿಸುವುದುಂಟು. ಆ ಕಪ್ಪು ಪುಡಿ ವಾಸ್ತವವಾಗಿ ಒಂದು ಪ್ಲಾಸ್ಟಿಕ್ಕು. ನುಣುಪಾದ ಕಾಗದದ ಮೇಲೆ ನಕ್ಷೆಯನ್ನು ಮುದ್ರಿಸಿ, ತಾಮ್ರದ ಮೇಲೆ ಬೋರಲು ಹಾಕಿ, ಬಿಸಿ ಇಸ್ತ್ರಿಪೆಟ್ಟಿಗೆಯಿಂದ ಒತ್ತಿದರೆ ಪುಡಿ ಕರಗಿ ತಾಮ್ರಕ್ಕೆ ಅಂಟುತ್ತದೆ. ಇಲ್ಲಿ ಎಡಬಲಗಳ ಗೊಂದಲವೊಂದಿದೆ. ಅಂಚೆಯ ಮುದ್ರೆಯಲ್ಲಿ ಅಕ್ಷರಗಳನ್ನು ತಿರುವುಮುರುವಾಗಿ ಕೆತ್ತಿರುವಂತೆ, ಬೋರಲು ಹಾಕಿದ ಚಿತ್ರ ಎಡಬಲ ಬದಲಾಗಿ ಮೂಡುತ್ತದೆ. ಬಿಡಿಭಾಗಗಳಿರುವ ಮೇಲ್ಮುಖದಿಂದ ನೋಡಿದಂತೆ ನಕ್ಷೆಯನ್ನು ಬರೆದಿದ್ದರೆ ಈ ತಿರುವು ಸರಿಯಾಗಿಯೇ ಒದಗುವುದು, ಏಕೆಂದರೆ ತಾಮ್ರವಿರುವುದು ಹಲಗೆಯ ಕೆಳಮುಖದಲ್ಲಿ. ತಾಮ್ರದ ಕಡೆಯಿಂದ ನೋಡಿದಂತೆ ಬರೆದಿದ್ದರೆ ಮೊದಲೇ ತಿರುಗಿಸಿ ಮುದ್ರಿಸಬೇಕು. ಇದನ್ನು ಮರೆತವರ ಟ್ರಾನ್ಸಿಸ್ಟರಿನ ಎಮಿಟರು ಕಲೆಕ್ಟರಿನ ತೂತಿಗೆ ಬರುತ್ತದೆ.

ದ್ರಾವಣಕ್ಕೆ ೧೦೦ ಮಿಲಿಲೀಟರು ನೀರಿಗೆ ಸುಮಾರು ೪೦ ಗ್ರಾಂ ಫೆರಿಕ್ ಕ್ಲೋರೈಡ್ ಸಾಕು. ನೀರಿಗೆ ಅದನ್ನು ಸ್ವಲ್ಪಸ್ವಲ್ಪವಾಗಿ ಹಾಕಬೇಕೇ ಹೊರತು ಅದರ ಮೇಲೆ ನೀರು ಸುರಿಯಬಾರದು. ತೇವವಿಲ್ಲದ ಕಪ್ಪು ಪುಡಿಯ ರೂಪದ್ದು ನೀರು ಸೋಕಿದಾಗ ಬಹಳ ಕಾಯ್ದು, ಆಮ್ಲದ ಹೊಗೆಯನ್ನೂ ಏಳಿಸುತ್ತದೆ. ಪಾತ್ರೆ ಪ್ಲಾಸ್ಟಿಕ್ಕಿನದೋ ಗಾಜಿನದೋ ಇರಬೇಕು. ಅಲ್ಯುಮಿನಿಯಮಿನ ತಟ್ಟೆಯನ್ನು ಈ ದ್ರಾವಣ ರಭಸದಿಂದ ತಿಂದುಹಾಕುತ್ತದೆ. ಅಡಿಗೆಮನೆಯ ಯಾವ ಪಾತ್ರೆಯನ್ನೂ ಇದಕ್ಕೆ ಬಳಸಿ ಮರಳಿ ಇಡತಕ್ಕದ್ದಲ್ಲ. ಕೈಗೆ ರಬ್ಬರಿನ ಗವಸು, ಕಣ್ಣಿಗೆ ರಕ್ಷಣೆಯ ಕನ್ನಡಕ, ತಲೆಯ ಮೇಲೆ ಬಯಲು. ಅಂಗಿಗೆ ಬಿದ್ದ ಹಳದಿ ಕಲೆ ಹೋಗುವುದಿಲ್ಲ. ನನ್ನದೊಂದು ಬಿಳಿ ಧೋತರ ಇದಕ್ಕೆ ಸಾಕ್ಷಿಯಾಗಿ ಇನ್ನೂ ಉಳಿದಿದೆ.

ಎರಡನೆಯ ಹಲಗೆಯನ್ನು ಮುಳುಗಿಸಿದ್ದು ಜನವರಿಯ ಒಂದು ಬೆಳಗು. ಕಾಲು ಗಂಟೆಯಾಯಿತು, ಅರ್ಧ ಗಂಟೆಯಾಯಿತು. “ಮಾಮಾ, ತಾಮ್ರ ಕರಗವಲ್ದು ನೋಡ್ರಿ” ಎಂದು ಹುಡುಗ ಮುಖ ಸಣ್ಣದು ಮಾಡಿದ. ಚಳಿಯಲ್ಲಿ ರಾಸಾಯನಿಕ ಕ್ರಿಯೆ ನಿಧಾನ. ತಟ್ಟೆಯನ್ನು ಬಿಸಿನೀರಿನ ಬೋಗುಣಿಯಲ್ಲಿಟ್ಟು, ೪೦ ಡಿಗ್ರಿಯವರೆಗೆ ಬೆಚ್ಚಗೆ ಮಾಡಿ, ಅಂಚನ್ನು ಮೆಲ್ಲಗೆ ಎತ್ತಿ ಇಳಿಸುತ್ತ ತುಳುಕಿಸಿದಾಗ ಕೆಲಸ ಓಡತೊಡಗಿತು. ತುಳುಕಿಸುವುದು ಅಗತ್ಯ, ಏಕೆಂದರೆ ಸತ್ತ ದ್ರಾವಣ ತಾಮ್ರದ ಮೈಗೆ ಅಂಟಿ ನಿಂತರೆ ಹೊಸ ದ್ರಾವಣಕ್ಕೆ ಎಡೆಯಿರುವುದಿಲ್ಲ. ಅಷ್ಟರಲ್ಲಿ ಊಟದ ಕರೆ ಬಂತು. ಮರಳಿ ಬಂದು ನೋಡಿದಾಗ ಹಾದಿಗಳು ಎರಡು ಕಡೆ ತುಂಡಾಗಿದ್ದವು! ದ್ರಾವಣಕ್ಕೆ ಮೇಲೆ ಕೆಳಗೆ ಎಂಬ ಭೇದವಿಲ್ಲ. ಕೆಳಕ್ಕೆ ತಿನ್ನುವಂತೆಯೇ ಶಾಯಿಯ ಅಡಿಯಲ್ಲಿ ಅಡ್ಡಡ್ಡಲಾಗಿಯೂ ತಿನ್ನುತ್ತದೆ. ಬೇಡದ ತಾಮ್ರ ಮುಗಿದ ಗಳಿಗೆಯಲ್ಲೇ ಹೊರಗೆ ತೆಗೆಯದಿದ್ದರೆ ಕಿರಿದಾದ ಹಾದಿಗಳು ಒಳಗಿಂದೊಳಗೇ ಸವೆದುಹೋಗುತ್ತವೆ. ಅನುಭವವಿಲ್ಲದವರು ಹಾದಿಯ ಅಗಲವನ್ನು ಒಂದೂವರೆ ಮಿಲಿಮೀಟರಿಗಿಂತ ಕಡಿಮೆ ಮಾಡದಿರುವುದು ಕ್ಷೇಮ.

ಮೂರನೆಯದಕ್ಕೆ ಮುಂಚೆ ನಾವು ಬೇರೆ ರೀತಿಯಲ್ಲಿ ಯೋಚಿಸಿದೆವು. ೫ ಸೆಂಟಿಮೀಟರು ಅಗಲ, ೮ ಸೆಂಟಿಮೀಟರು ಉದ್ದದ ಹಲಗೆಯ ಮೇಲಿರುವ ತಾಮ್ರ ಸುಮಾರು ೧.೨೫ ಗ್ರಾಂ. ತೆಳುವಾದ ಹಾದಿಗಳನ್ನಷ್ಟೇ ಉಳಿಸಿದರೆ ಅದರಲ್ಲಿ ಮೂರರಲ್ಲೆರಡು ಪಾಲು, ಎಂದರೆ ೦.೮ ಗ್ರಾಂ ಕರಗಬೇಕು. ಅದಕ್ಕೆ ಹರಳಿನ ರೂಪದ ಫೆರಿಕ್ ಕ್ಲೋರೈಡ್ ಕಡಿಮೆಯೆಂದರೂ ೭ ಗ್ರಾಂ ವ್ಯಯ. ಹಾದಿಗಳನ್ನು ಏಕೆ ತೆಳುವಾಗಿ ಬರೆಯಬೇಕು? ಹಲಗೆಯನ್ನು ಹೊಲಗಳಂತೆ ದೊಡ್ಡ ದೊಡ್ಡ ತುಂಡುಗಳಾಗಿ ಭಾಗಮಾಡಿ, ನಡುವೆ ಬದುವಿನಷ್ಟು ತೆರವು ಬಿಟ್ಟರೆ ಸಾಲದೆ? ನಮ್ಮ ಮಂಡಲಕ್ಕೆ ಐದೇ ಹೊಲಗಳು ಸಾಕಾದವು. ಕರಗಬೇಕಾದ ತಾಮ್ರ ಬಹಳ ಕಡಿಮೆಯಾಯಿತು, ಹೊತ್ತೂ ಉಳಿಯಿತು, ಹಾದಿ ತುಂಡಾಗುವ ಭಯವೂ ಹೋಯಿತು. ನಿಜ ಹೇಳಬೇಕೆಂದರೆ ಇಷ್ಟು ಸರಳವಾದ ನಕ್ಷೆಯಲ್ಲಿ ಆ ಬದುಗಳನ್ನು ಹರಿತವಾದ ಚಾಕುವಿನಿಂದ ಕೊರೆದು ತೆಗೆದರೂ ಆಗುತ್ತಿತ್ತು. ಅದನ್ನು ಹೇಳಿದಾಗ ಅಳಿಯ ಒಪ್ಪಲಿಲ್ಲ. ಕರಗಿಸಿಯೇ ತೀರಬೇಕೆಂಬ ಹಟ.

ತೂತು ಕೊರೆಯಲು ೧ ಮಿಲಿಮೀಟರಿನ ಮೊನೆಯುಳ್ಳ ಕೈಬೈರಿಗೆ ಸಾಕು. ಬೆಸುಗೆಯ ವಿಷಯ ಬಂದಾಗ ಭಾವನವರ ವೃದ್ಧ ತಾಯಿ ಹತ್ತಿರ ಬಂದು ಕುಳಿತು ಆಸಕ್ತಿಯಿಂದ ನೋಡಿದರು. ಇದು ಕಲಾಯಿಯವನ ಕೆಲಸವಲ್ಲವೇ ಎಂದು ಕೇಳಿದರು. ಹೌದು, ಅದೇ. ಕಲಾಯಿಯವನು ಕಾದ ತಾಮ್ರದ ಪಾತ್ರೆಗೆ ನವಸಾಗರವನ್ನು ಚಿಮುಕಿಸಿ ಕಿಲುಬನ್ನು ಕಳೆದು, ತವರವನ್ನು ಸವರುತ್ತಿದ್ದ. ನಾವು ನವಸಾಗರದ ಬದಲು ರಾಳವನ್ನೂ, ಬರಿಯ ತವರದ ಬದಲು ತವರ-ಸೀಸಗಳ ಮಿಶ್ರಣವನ್ನೂ ಬಳಸುತ್ತೇವೆ. ತವರ ಕರಗುವುದು ೨೩೨ ಡಿಗ್ರಿ ಸೆಲ್ಸಿಯಸಿನಲ್ಲಿ, ಸೀಸ ೩೨೭ರಲ್ಲಿ. ೬೩ ಪಾಲು ತವರಕ್ಕೆ ೩೭ ಪಾಲು ಸೀಸ ಬೆರೆತಾಗ ಎರಡಕ್ಕಿಂತಲೂ ಕೆಳಗೆ, ೧೮೩ ಡಿಗ್ರಿಯಲ್ಲೇ ಕರಗುತ್ತದೆ. ಸೀಸ ವಿಷವಾದುದರಿಂದ ಕೆಲಸದ ತರುವಾಯ ಕೈ ತೊಳೆಯದೆ ಏನನ್ನೂ ತಿನ್ನಬಾರದು.

ಸಾಧನ ಸಿದ್ಧವಾಯಿತು. ಲೋಟದ ನೀರಿನಲ್ಲಿ ತಂತಿಗಳನ್ನದ್ದಿದಾಗ ಬಜರು ಕೂಗಿತು, ಮನೆಮಂದಿಯೆಲ್ಲ ನಕ್ಕರು. ನಾನು ಊರಿಗೆ ಮರಳಿದೆ. ಮಳೆಗಾಲ ಹಿಡಿದ ಮೇಲೆ ಒಂದು ದಿನ ಅಳಿಯನಿಂದ ದೂರವಾಣಿ ಬಂತು. ನಸುಕಿನ ನಾಲ್ಕು ಗಂಟೆಗೆ, ಪಂಪು ಸುರುವಾಗುವ ಮೊದಲೇ ಬಜರು ಕಿರಿಕಿರಿಯೆಂದು ಸಣ್ಣಗೆ ಅರಚತೊಡಗಿತ್ತಂತೆ. “ಟಾಕಿ ಖಾಲಿ ಐತಿ, ನಿನ್ನ ಯಂತ್ರ ಯಾಕೋ ಒದರಾಕತ್ತೈತಿ?” ಎಂದು ಭಾವನವರು ಎದ್ದು ಕುಳಿತರು. ಹೀಗೆ ಮೂರು ದಿನ ನಡೆದ ಮೇಲೆ ಬ್ಯಾಟರಿಯನ್ನು ಕಿತ್ತಿಟ್ಟು, ಮತ್ತೆ ಕೈದೀಪ ಹಿಡಿದು ಏಣಿ ಹತ್ತತೊಡಗಿದರು. ಹುಡುಗನ ದನಿಯಲ್ಲಿದ್ದ ಸಂಕಟಕ್ಕೆ ಕಾರಣ ಬಜರಲ್ಲ, ಆ ಏಣಿ.

ಟ್ರಾನ್ಸಿಸ್ಟರು ಕೆಟ್ಟಿರಬಹುದೆಂದು ಅವನ ಊಹೆ. ಹೊಸದನ್ನು ಹಾಕಿ ನೋಡಿದ, ಅದೇ ಅರಚಾಟ. ಬಿಸಿಲೇರಿದಂತೆ ತಾನೇ ನಿಲ್ಲುತ್ತದೆ ಎಂದು ಅವನು ಹೇಳಿದಾಗ ನನಗೆ ಹೊಳೆಯಿತು. ಫೆರಿಕ್ ಕ್ಲೋರೈಡ್ ಗಾಳಿಯ ತೇವವನ್ನು ಹೀರಿ ನೀರಾಗುವ ಸ್ವಭಾವದ್ದು. ಮೂರನೆಯ ಹಲಗೆಯನ್ನು ನಾವು ಸಂಭ್ರಮದಲ್ಲಿ ಒಂದು ಸಲ ಮಾತ್ರ ನೀರಿನಲ್ಲಿ ಅದ್ದಿ ತೆಗೆದಿದ್ದೆವು. ಬದುಗಳಲ್ಲಿ ಉಳಿದಿದ್ದ ಲವಣದ ಅಂಶ ಮಳೆಗಾಲದ ನಸುಕಿನಲ್ಲಿ ಒದ್ದೆಯಾಗಿ, ಧನತುದಿಯ ಹೊಲದಿಂದ ಬೇಸಿನ ಹೊಲಕ್ಕೆ ಗುಟ್ಟಾಗಿ ಪ್ರವಾಹವನ್ನು ದಾಟಿಸುತ್ತಿತ್ತು. ತೊಟ್ಟಿಯ ನೀರಿಗೂ ಈ ಪಸೆಗೂ ಇರುವ ವ್ಯತ್ಯಾಸ ಟ್ರಾನ್ಸಿಸ್ಟರಿಗೆ ಹೇಗೆ ತಿಳಿದೀತು? ಬಜರನ್ನೂ ಬ್ಯಾಟರಿಯನ್ನೂ ಬಿಡಿಸಿ, ಹಲಗೆಯನ್ನು ಅಡಿಗೆಸೋಡದ ನೀರಿನಲ್ಲಿ ಹಳೆಯ ಹಲ್ಲುಜ್ಜುವ ಕುಂಚದಿಂದ ತಿಕ್ಕಿ, ಶುದ್ಧ ನೀರಿನಲ್ಲಿ ಮೂರು ಸಲ ತೊಳೆದು, ಎರಡು ದಿನ ಬಿಸಿಲಿಗಿಟ್ಟು, ತಾಮ್ರದ ಕಡೆಗೆ ವಾರ್ನಿಷ್ ಬಳಿಯುವಂತೆ ಹೇಳಿದೆ. ಅರಚಾಟ ನಿಂತಿತು.

ಆಗಲೇ ಅವನು ಇನ್ನೊಂದು ಮಾತು ಕೇಳಿದ. ಬಾಟಲಿಯಲ್ಲಿ ಉಳಿದ ಹಸಿರು ನೀರನ್ನು ಗಟಾರಕ್ಕೆ ಚೆಲ್ಲಲೇ? ಅವರ ಮನೆಯ ಗಟಾರ ಹರಿಯುವುದು ಹಿತ್ತಲ ಹೊಲಕ್ಕೆ, ಅದರ ಆಚೆಗೆ ಬಾವಿ. ಮೂರು ಹಲಗೆಗಳಿಂದ ಎಷ್ಟು ತಾಮ್ರ ಕರಗಿದ್ದೀತೆಂದು ಲೆಕ್ಕ ಹಾಕು ಎಂದೆ. ಒಂದೇ ಹಲಗೆಯ ೦.೮ ಗ್ರಾಮನ್ನು ತೆಗೆದುಕೊಂಡರೂ ಅದು ೮೦೦ ಮಿಲಿಗ್ರಾಂ. ಕುಡಿಯುವ ನೀರಿಗೆ ಭಾರತೀಯ ಮಾನಕದಲ್ಲಿ ಹೇಳಿರುವ ಅಪೇಕ್ಷಣೀಯ ಮಿತಿ ಒಂದು ಲೀಟರಿಗೆ ೦.೦೫ ಮಿಲಿಗ್ರಾಂ ತಾಮ್ರ. ಬೇರೆ ನೀರು ಸಿಕ್ಕದಿದ್ದಾಗ ೧.೫ ಮಿಲಿಗ್ರಾಮಿನವರೆಗೆ ಸಹಿಸಬಹುದೆಂದಿದೆ. ಮೊದಲ ಮಿತಿಗೆ ತರಬೇಕಾದರೆ ಆ ಒಂದು ಹಲಗೆಯ ತಾಮ್ರವನ್ನು ೧೬,೦೦೦ ಲೀಟರು ನೀರಿನಲ್ಲಿ ಬೆರೆಸಬೇಕಾದೀತು. ಭಾವನವರ ಸಾವಿರ ಲೀಟರಿನ ತೊಟ್ಟಿಗಳು ಹದಿನಾರು! ತೋಟಗಳಲ್ಲಿ ಬೂಷ್ಟನ್ನು ಕೊಲ್ಲಲು ಮೈಲುತುತ್ತವನ್ನು ಸಿಂಪಡಿಸುವುದು ತಾಮ್ರದ ಇದೇ ಗುಣವನ್ನು ನಂಬಿ. ಮೀನುಗಳಂತೂ ಅದನ್ನು ನಮಗಿಂತ ಬಹಳ ಕಡಿಮೆ ತಾಳುತ್ತವೆ.

ಹೀಗಿರಲು ಮಾಡತಕ್ಕದ್ದೇನು? ದ್ರಾವಣ ಇನ್ನೂ ಕಂದಾಗಿದ್ದರೆ ಮುಂದಿನ ಹಲಗೆಗೆ ಬಳಸಬಹುದು. ಪೂರ್ತಿ ಸತ್ತಿದ್ದರೆ ಬಯಲಿನಲ್ಲಿ, ಬಾಯಿ ತೆರೆದ ಪ್ಲಾಸ್ಟಿಕ್ ಪಾತ್ರೆಯಲ್ಲಿ, ತುಕ್ಕಿಲ್ಲದ ಕಬ್ಬಿಣದ ಮೊಳೆಗಳನ್ನು ಹಾಕಬೇಕು. ಸ್ವಲ್ಪ ಅನಿಲವೂ ಕಾವೂ ಏಳುವುದರಿಂದ ಮುಚ್ಚಳ ಹಾಕಬಾರದು. ತಾಮ್ರ ಕಳೆದುಕೊಂಡಿದ್ದ ಎಲೆಕ್ಟ್ರಾನುಗಳನ್ನು ಈಗ ಕಬ್ಬಿಣ ದಾನಮಾಡುತ್ತದೆ. ಕರಗಿದ್ದ ತಾಮ್ರ ಕೆಂಪು ಕೆಸರಾಗಿ ಮೊಳೆಗಳ ಮೇಲೆ ಕೂಡುತ್ತದೆ. ಒಂದೆರಡು ದಿನಗಳ ತರುವಾಯ ಉಳಿದ ನೀರಿಗೆ ಬಟ್ಟೆಸೋಡದ ದ್ರಾವಣವನ್ನು ನೊರೆ ಏಳುವುದು ನಿಲ್ಲುವವರೆಗೆ ಬೆರೆಸಿದರೆ ಕಬ್ಬಿಣವೂ, ಅಳಿದುಳಿದ ತಾಮ್ರವೂ ಗಸಿಯಾಗಿ ತಳಕ್ಕಿಳಿಯುತ್ತವೆ. ಗಸಿಯನ್ನೂ ತಿಳಿಯನ್ನೂ ಬೇರೆ ಬೇರೆ ಬಾಟಲಿಗಳಲ್ಲಿ ತುಂಬಿ, ಹೆಸರು ಬರೆದು, ಕಾಲೇಜಿನ ರಸಾಯನ ಪ್ರಯೋಗಶಾಲೆಯವರಿಗೆ ಒಪ್ಪಿಸುವುದು ಒಳ್ಳೆಯದು. ದೊಡ್ಡ ಕಾರ್ಖಾನೆಗಳಲ್ಲಿ ತಾಮ್ರದ ಕ್ಲೋರೈಡನ್ನೇ, ಅಥವಾ ಅಮೋನಿಯ ಬೆರೆತ ದ್ರಾವಣವನ್ನು ಬಳಸಿ, ಅದನ್ನು ಮತ್ತೆ ಮತ್ತೆ ಚೈತನ್ಯಗೊಳಿಸಿ ಕರಗಿದ ತಾಮ್ರವನ್ನು ಹಿಂದಕ್ಕೆ ಪಡೆಯುವ ಏರ್ಪಾಡಿರುತ್ತದೆ. ಮನೆಯಲ್ಲಿ ಕೆಲಸ ಮಾಡುವವನಿಗೆ ಹಿಡಿ ಮೊಳೆಗಳೇ ಆ ಏರ್ಪಾಡು.

ದೀಪಾವಳಿಗೆ ಹೋದಾಗ ಏಣಿ ಕೊಟ್ಟಿಗೆಯ ಗೋಡೆಗೆ ಒರಗಿತ್ತು. ಕಿಟಕಿಯಲ್ಲಿ ಕೆಂಪು ಕೆಸರಿನ ಒಂದು ಸೀಸೆ, ಅದರ ಮೇಲೆ ಅಳಿಯನ ಅಕ್ಷರದಲ್ಲಿ “ತಾಮ್ರ, ಮುಟ್ಟಬೇಡಿ” ಎಂಬ ಚೀಟಿ. ತೊಟ್ಟಿಯಿಂದ ಬಿಚ್ಚಿ ತಂದ ತಂತಿಗಳನ್ನು ಅವನು ನನ್ನ ಮುಂದಿಟ್ಟ. ಬೇಸಿಗೆ ಹೋಗುವ ತಂತಿಯ ತುದಿ ಚೆನ್ನಾಗಿತ್ತು; ಧನತುದಿಯದು ಮಾತ್ರ ಮಂಕಾಗಿ ಹಸಿರು ಕಿಲುಬು ಹಿಡಿದಿತ್ತು. ಫೆರಿಕ್ ಕ್ಲೋರೈಡ್ ಎಲ್ಲಿಂದ ಬಂತು ಎಂದು ಕೇಳಿದ. ಬಂದಿರಲಿಲ್ಲ. ನೀರಿನಲ್ಲಿ ಮುಳುಗಿದಾಗಲೆಲ್ಲ ಬ್ಯಾಟರಿಯೇ ಆ ತಾಮ್ರದಿಂದ ಎಲೆಕ್ಟ್ರಾನುಗಳನ್ನು ಸೆಳೆದುಕೊಳ್ಳುತ್ತಿತ್ತು. ತಟ್ಟೆಯಲ್ಲಿ ಅರ್ಧ ಗಂಟೆಯಲ್ಲಿ ಆದದ್ದು ತೊಟ್ಟಿಯಲ್ಲಿ ತಿಂಗಳುಗಟ್ಟಲೆ ಆಗಿತ್ತು. ಈಗ ಅಲ್ಲಿ ತಾಮ್ರದ ಬದಲು ಮುರಿದ ಎರಡು ಸ್ಟೀಲ್ ಚಮಚಗಳ ಹಿಡಿಕೆಗಳು ತೂಗುತ್ತಿವೆ.